ಬಂಧವೂ ಹಿಂಸೆಯೇ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಬಂಧ, ವಧ, ಛೇದ ಎಂಬ ಮೂರು. ಅತಿಯಾದ ಭಾರ ಹೊರಿಸುವುದು ನಾಲ್ಕನೆಯದು. ಅನ್ನಪಾನಗಳಿಗೆ ಅಡ್ಡಿಯಾಗುವುದು ಐದನೆಯದು. ಕೊಲ್ಲದಿದ್ದರೆ ಅಹಿಂಸೆಯನ್ನು ಪಾಲಿಸಿದಂತಾಯಿತೆಂದು ನೆಮ್ಮದಿಯಿಂದಿರುವ ಶ್ರಾವಕನಿಗೆ ಇದು ಒಂದು ಎಚ್ಚರಿಕೆ. ಇದರಲ್ಲಿ ಮೊದಲು ಬರುವ ಹೆಸರೇ ಬಂಧ. ಜೀವಿಯು ತಾನು ಬಯಸಿದ ಎಡೆಗೆ ಸಾಗದಂತೆ ತಡೆಯುವುದೇ ಬಂಧವೆಂಬುದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಟ್ಟಿರುವ ವಿವರಣೆಯ ತಾತ್ಪರ್ಯ. ಹಗ್ಗವು ಮೂಳೆ ಮುರಿಯುವುದಿಲ್ಲ, ರಕ್ತ ಹರಿಸುವುದಿಲ್ಲ. ಆದರೂ ಆಚಾರ್ಯರ ದೃಷ್ಟಿಯಲ್ಲಿ ಅದು ವ್ರತಕ್ಕೆ ತಗಲುವ ದೋಷ. ಈ ಸೂಕ್ಷ್ಮವನ್ನು ಪ್ರವಚನ ಮಂದಿರದಲ್ಲಿ ತಲೆದೂಗಿ ಕೇಳುವ ಸಮಾಜವು ತನ್ನದೇ ಹೆಣ್ಣುಮಕ್ಕಳ ಕೈಗೆ ಕಾಗದದ ಹಗ್ಗ ಬೀಳುವಾಗ ಮಾತ್ರ ಅದನ್ನು ಸೌಭಾಗ್ಯವೆಂದು ಕರೆಯುತ್ತಿದೆ.

ಆ ಕಾಗದದ ಹೆಸರು ಎಚ್-4. ಅಮೆರಿಕದಲ್ಲಿ ತಾತ್ಕಾಲಿಕವಾಗಿ ದುಡಿಯುವ ವಿದೇಶೀ ತಜ್ಞರಿಗೆ ಎಚ್-1ಬಿ ಎಂಬ ವೀಸಾ ಉಂಟು. 1990ರ ವಲಸೆ ಶಾಸನದಿಂದ ರೂಪುಗೊಂಡ ಈ ವ್ಯವಸ್ಥೆಯಲ್ಲಿ ವರ್ಷದ ಸಾಮಾನ್ಯ ಮಿತಿ 65,000. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ 20,000. ಕರ್ನಾಟಕದ ಇಂಜಿನಿಯರುಗಳು ಸಾಲುಸಾಲಾಗಿ ಹೊರಟದ್ದು ಮುಖ್ಯವಾಗಿ ಈ ಬಾಗಿಲಿನಿಂದಲೇ. ಅವರ ಪತ್ನಿಗೆ, 21 ವರ್ಷದೊಳಗಿನ ಮಕ್ಕಳಿಗೆ ದೊರೆಯುವುದು ಎಚ್-4. ಅದನ್ನು ಪಡೆದವಳು ಆ ದೇಶದಲ್ಲಿ ವಾಸಿಸಬಹುದು, ಓದಬಹುದು, ದುಡಿಯುವಂತಿಲ್ಲ. ದುಡಿಮೆಯ ಅನುಮತಿ ಇಲ್ಲದವಳಿಗೆ ಆ ದೇಶದಲ್ಲಿ ಹೆಜ್ಜೆ ಹೆಜ್ಜೆಗೂ ಕೇಳುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಸಿಗದು. ಊರಿನಲ್ಲಿ ದಂತವೈದ್ಯೆಯೋ, ಲೆಕ್ಕಪರಿಶೋಧಕಿಯೋ, ಉಪನ್ಯಾಸಕಿಯೋ ಆಗಿದ್ದವಳು ಅಲ್ಲಿ ಕೇವಲ ಅವಲಂಬಿತೆ. ಭಾನುವಾರ ಜಿನಾಲಯದ ಪಾಠಶಾಲೆಯಲ್ಲಿ ಮಕ್ಕಳಿಗೆ ಣಮೋಕಾರ ಮಂತ್ರವನ್ನು ಸೇವೆಯಾಗಿ ಹೇಳಿಕೊಡಬಹುದು. ಸೋಮವಾರ ಅದೇ ವಯಸ್ಸಿನ ಮಕ್ಕಳಿಗೆ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಸಂಬಳ ಪಡೆದರೆ ಅದು ನಿಯಮೋಲ್ಲಂಘನೆ, ದೇಶವನ್ನೇ ಬಿಡಬೇಕಾದೀತು.

2015ರ ಮೇ 26ರಿಂದ ಈ ಕಟ್ಟು ಸ್ವಲ್ಪ ಸಡಿಲಗೊಂಡಿತು. ಪತಿಯ ಪರವಾಗಿ ಅವನ ಸಂಸ್ಥೆ ಸಲ್ಲಿಸಿದ ಕಾಯಂ ವಾಸದ ಕೋರಿಕೆ ಮಂಜೂರಾಗಿದ್ದರೆ, ಅಥವಾ ಆ ಪ್ರಕ್ರಿಯೆಯ ಬಲದ ಮೇಲೆ ಅವನ ವೀಸಾ ಆರು ವರ್ಷದ ಮಿತಿಯಾಚೆಗೆ ವಿಸ್ತರಣೆ ಪಡೆದಿದ್ದರೆ, ಪತ್ನಿಯು ಉದ್ಯೋಗಾನುಮತಿ ಪತ್ರಕ್ಕೆ ಅರ್ಜಿ ಹಾಕಬಹುದೆಂದು ಅಲ್ಲಿಯ ಆಂತರಿಕ ಭದ್ರತಾ ಇಲಾಖೆ ನಿಯಮ ಮಾಡಿತು. 2017ರ ಅಂತ್ಯದ ವೇಳೆಗೆ ಸುಮಾರು 91,000 ಮಂದಿ ಮೊದಲ ಬಾರಿಗೆ ಈ ಅನುಮತಿ ಪಡೆದರು. ಅಮೆರಿಕದ ಸಂಸತ್ತಿನ ಸಂಶೋಧನಾ ವಿಭಾಗದ ಲೆಕ್ಕದಂತೆ ಅನುಮತಿ ಪಡೆದವರಲ್ಲಿ ನೂರಕ್ಕೆ 93 ಮಂದಿ ಭಾರತದಲ್ಲಿ ಹುಟ್ಟಿದವರು. ನೂರಕ್ಕೆ 93 ಮಂದಿ ಸ್ತ್ರೀಯರು. ಇದು ಯಾವ ದೂರದ ಜನಾಂಗದ ಪ್ರಶ್ನೆಯೂ ಅಲ್ಲ, ಭಾರತದ ಮನೆಗಳ ಪ್ರಶ್ನೆ.

ಆದರೆ ಆ ಷರತ್ತನ್ನು ಮತ್ತೊಮ್ಮೆ ಓದಬೇಕು. ಪತ್ನಿಯ ಯೋಗ್ಯತೆಗೆ ಅದರಲ್ಲಿ ಯಾವ ಸ್ಥಾನವೂ ಇಲ್ಲ. ಪತಿಯ ಸಂಸ್ಥೆಯು ಕಾಯಂ ವಾಸದ ಪ್ರಕ್ರಿಯೆಯನ್ನು ಆರಂಭಿಸಿದರೆ ಅವಳಿಗೆ ಹಕ್ಕು ಹುಟ್ಟುತ್ತದೆ, ಆರಂಭಿಸದಿದ್ದರೆ ಇಲ್ಲ. ಸ್ತ್ರೀಯೊಬ್ಬಳ ದುಡಿಮೆಯು ಅವಳ ಪತಿಯ ಧಣಿಯ ಕೃಪೆಗೆ ಒಳಪಟ್ಟಿರುವ ಇಂಥ ವ್ಯವಸ್ಥೆಯನ್ನು ಊರಿನ ಜಮೀನ್ದಾರನೊಬ್ಬ ಮಾಡಿದ್ದರೆ ಅದಕ್ಕೆ ಏನೆಂದು ಹೆಸರಿಡುತ್ತಿದ್ದರೋ ಓದುಗರೇ ಊಹಿಸಲಿ. ಇನ್ನು ಗ್ರೀನ್ ಕಾರ್ಡ್ ಬಂದರೆ ಎಲ್ಲವೂ ಸರಿಹೋಗುತ್ತದೆಂಬ ಸಮಾಧಾನವೂ ಪೊಳ್ಳು. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಕಾರ್ಡುಗಳು ಮಾತ್ರ. ಸಾಮಾನ್ಯವಾಗಿ ಒಂದು ದೇಶಕ್ಕೆ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲದು. ನೂರನಲವತ್ತು ಕೋಟಿ ಜನರ ಭಾರತಕ್ಕೂ, ಒಂದು ತಾಲ್ಲೂಕಿನಷ್ಟಿರುವ ದ್ವೀಪರಾಷ್ಟ್ರಕ್ಕೂ ಒಂದೇ ಮಿತಿ. ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿರುವುದು ಇದರಿಂದ.

ಕೊಟ್ಟದ್ದಾದರೂ ಸ್ಥಿರವಾಗಿ ಉಳಿಯಿತೇ? ನಿಯಮ ಜಾರಿಗೆ ಬರುವ ಮೊದಲೇ, 2015ರ ಏಪ್ರಿಲಿನಲ್ಲಿ, ಅದರ ವಿರುದ್ಧ ದಾವೆ ಹೂಡಲಾಯಿತು. 2017ರಲ್ಲಿ ಅಧಿಕಾರಕ್ಕೆ ಬಂದ ಆಡಳಿತವು ನಿಯಮವನ್ನೇ ರದ್ದುಪಡಿಸುವ ಇಂಗಿತವನ್ನು ಪ್ರಕಟಿಸಿತು. 2021ರ ಜನವರಿಯಲ್ಲಿ ಆ ಪ್ರಸ್ತಾಪ ಹಿಂದೆ ಸರಿಯುವವರೆಗೆ ಸಾವಿರಾರು ಮನೆಗಳು ಕತ್ತಿಯ ನೆರಳಿನಲ್ಲಿ ಬದುಕಿದವು. ದಾವೆಯು ಹತ್ತು ವರ್ಷ ಎಳೆಯಿತು. 2023ರಲ್ಲಿ ಜಿಲ್ಲಾ ನ್ಯಾಯಾಲಯವೂ, 2024ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ನಿಯಮವನ್ನು ಎತ್ತಿಹಿಡಿದವು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೇಳಲು ನಿರಾಕರಿಸಿತು. ಗೆದ್ದೆವೆಂದು ಸಂಭ್ರಮಿಸುವಷ್ಟರಲ್ಲಿ ಅದೇ ತಿಂಗಳ 30ರಂದು ಮತ್ತೊಂದು ಪೆಟ್ಟು ಬಿದ್ದಿತು. ನವೀಕರಣದ ಅರ್ಜಿ ಬಾಕಿಯಿರುವಾಗ ಹಳೆಯ ಪತ್ರದ ಮೇಲೆಯೇ, ಕೆಲವು ಕಟ್ಟಳೆಗಳಿಗೆ ಒಳಪಟ್ಟು, 540 ದಿನಗಳವರೆಗೆ ದುಡಿಯಬಹುದೆಂದಿದ್ದ ಸೌಲಭ್ಯವು ಆ ದಿನದಿಂದ ಸಲ್ಲಿಸುವ ಅರ್ಜಿಗಳಿಗೆ ಇಲ್ಲವಾಯಿತು. ಕಚೇರಿಯ ವಿಳಂಬ ಕಚೇರಿಯದು. ಅದರ ದಂಡ ಮಾತ್ರ ಸಕಾಲದಲ್ಲಿ ಅರ್ಜಿ ಹಾಕಿದವಳದು. ಪತ್ರದ ಅವಧಿ ಮುಗಿದ ಮರುದಿನ ಅವಳು ಕೆಲಸ ನಿಲ್ಲಿಸಬೇಕು. ಅನ್ನಕ್ಕೆ ಅಡ್ಡಿಯಾಗುವ ಐದನೆಯ ಅತಿಚಾರಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕೇ?

ಇಲಾಖೆಯ ಲೇಖನಿಯಿಂದ ಬಂದದ್ದು ಇಲಾಖೆಯ ಲೇಖನಿಯಿಂದಲೇ ಹೋಗಬಹುದು ಎಂಬುದು ಇದರ ಮೂಲದೋಷ. ಅದೇ ದೇಶದ ಅದೇ ಕಾನೂನಿನಲ್ಲಿ ಬೇರೆ ದಾರಿಯೂ ಇದೆ. ಒಂದೇ ಕಂಪನಿಯ ಭಾರತೀಯ ಶಾಖೆಯಿಂದ ಅಮೆರಿಕದ ಶಾಖೆಗೆ ವರ್ಗವಾಗಿ ಹೋದವರ ಪತ್ನಿಯರಿಗೆ 2002ರಲ್ಲಿಯೇ ಸಂಸತ್ತು ಶಾಸನದ ಮೂಲಕ ದುಡಿಮೆಯ ಹಕ್ಕು ಕೊಟ್ಟಿತು. 2021ರ ನವೆಂಬರಿನಿಂದ ಅವರಿಗೆ ಪ್ರತ್ಯೇಕ ಅನುಮತಿ ಪತ್ರವೂ ಬೇಕಿಲ್ಲ. ಒಂದೇ ಬೀದಿಯಲ್ಲಿ ವಾಸಿಸುವ, ಒಂದೇ ಪದವಿ ಪಡೆದ ಇಬ್ಬರು ಗೆಳತಿಯರಲ್ಲಿ ಒಬ್ಬಳು ಬಂದಿಳಿದ ವಾರವೇ ಕೆಲಸಕ್ಕೆ ಹೋಗಬಹುದು, ಇನ್ನೊಬ್ಬಳು ಹಲವು ವರ್ಷ ಕಿಟಕಿಯ ಬಳಿ ಕುಳಿತಿರಬೇಕು. ಭೇದವಿರುವುದು ಅವರಲ್ಲಿ ಅಲ್ಲ, ಗಂಡಂದಿರ ವೀಸಾದ ಅಕ್ಷರದಲ್ಲಿ. ಒಂದು ಅಕ್ಷರದವರ ಪತ್ನಿ ದುಡಿದರೆ ದೇಶಕ್ಕೆ ಹಾನಿಯಿಲ್ಲ, ಇನ್ನೊಂದು ಅಕ್ಷರದವರ ಪತ್ನಿ ದುಡಿದರೆ ಹಾನಿ ಎಂಬ ವಾದಕ್ಕೆ ತರ್ಕಶಾಸ್ತ್ರದಲ್ಲಿ ಜಾಗವಿಲ್ಲ.

ಎದುರುವಾದಗಳನ್ನೂ ಪರಿಶೀಲಿಸಬೇಕು, ಅನೇಕಾಂತವನ್ನು ನಂಬಿದವರಿಗೆ ಅದು ಕರ್ತವ್ಯ. ಎಲ್ಲವನ್ನೂ ತಿಳಿದೇ ಬಂದವಳಲ್ಲವೇ ಎಂಬುದು ಮೊದಲನೆಯದು. ತಿಳಿಸಿದವರು ಯಾರು? ಮಾತುಕತೆಯ ದಿನ ವರನ ಸಂಬಳ, ಮನೆ, ಕಾರು ಎಲ್ಲವೂ ಪ್ರಸ್ತಾಪಕ್ಕೆ ಬರುತ್ತವೆ. ವಧು ಅಲ್ಲಿ ಎಷ್ಟು ವರ್ಷ ದುಡಿಯುವಂತಿಲ್ಲ ಎಂಬುದು ಬರುವುದಿಲ್ಲ. ತಿಳಿದೇ ಹೋದಳೆಂದು ಇಟ್ಟುಕೊಂಡರೂ, ಕಟ್ಟಿಸಿಕೊಳ್ಳಲು ಒಪ್ಪಿದವನನ್ನು ಕಟ್ಟಿದರೆ ಬಂಧವು ಬಂಧವಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ. ಈ ಬಂಧದ ಫಲವೇನೆಂಬುದನ್ನು ಅಮೆರಿಕದ ಕಾನೂನೇ ಒಪ್ಪಿಕೊಂಡಿದೆ. ಪತಿಯ ಕ್ರೌರ್ಯಕ್ಕೆ ಗುರಿಯಾದ ಇಂಥ ಪತ್ನಿಯರಿಗೆ ದುಡಿಮೆಯ ಅನುಮತಿ ಕೊಡಬಹುದೆಂಬ ಶಾಸನಕ್ಕೆ 2006ರಲ್ಲಿ ಅಂಕಿತ ಬಿದ್ದಿತು. ಆ ಅರ್ಜಿಗಳನ್ನು ಪಡೆಯತೊಡಗಿದ್ದು 2017ರಲ್ಲಿ. ಕೈಯಲ್ಲಿ ಕಾಸಿಲ್ಲದವಳು, ವಿಚ್ಛೇದನವಾದರೆ ವಾಸದ ಹಕ್ಕನ್ನೇ ಕಳೆದುಕೊಳ್ಳುವವಳು, ಹೊಡೆತಕ್ಕೆ ಸುಲಭವಾಗಿ ಸಿಗುವಳೆಂಬುದು ಶಾಸಕರಿಗೆ ಗೊತ್ತಿತ್ತು. ಪೆಟ್ಟು ಬಿದ್ದ ಮೇಲೆ ಬಿಚ್ಚುವ ಹಗ್ಗವನ್ನು ಮೊದಲೇ ಬಿಚ್ಚಬಾರದೇಕೆ?

ಸ್ಥಳೀಯರ ಕೆಲಸವನ್ನು ಕಸಿಯುತ್ತಾರೆಂಬುದು ಎರಡನೆಯ ವಾದ. ಇದನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಆ ದಾವೆ ಹೂಡಿದವರು ದಕ್ಷಿಣ ಕ್ಯಾಲಿಫೋರ್ನಿಯದ ವಿದ್ಯುತ್ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದವರು. ಎಚ್-1ಬಿ ನೌಕರರಿಂದಾಗಿ ಕೆಲಸ ಕಳೆದುಕೊಂಡೆವೆಂಬುದು ಅವರ ದೂರು. ಅವರ ನೋವು ಸುಳ್ಳಲ್ಲ. ಒಬ್ಬರ ಅನ್ನವನ್ನು ಕಸಿದು ಮತ್ತೊಬ್ಬರಿಗೆ ಬಡಿಸುವುದು ಅಸ್ತೇಯಕ್ಕೆ ಹೊಂದುವುದೂ ಇಲ್ಲ. ಆದರೆ ಅವರನ್ನು ಹೊರಹಾಕಿದವರು ಪತ್ನಿಯರಲ್ಲ. ಖರ್ಚು ತಗ್ಗಿಸಲೆಂದು ಕಟ್ಟಿಹಾಕಿದ ನೌಕರನನ್ನು ಹುಡುಕುವ ವ್ಯಾಪಾರನೀತಿ. ಒಬ್ಬನೇ ಧಣಿಗೆ ಬಿಗಿದುಕೊಂಡಿರುವ ನೌಕರನು ಕಡಿಮೆ ಕೂಲಿಗೆ ಒಪ್ಪಬೇಕಾಗುತ್ತದೆ. ಉದ್ಯೋಗಾನುಮತಿ ಪಡೆದ ಪತ್ನಿಯಾದರೋ ಯಾವ ಧಣಿಗೂ ಕಟ್ಟುಬಿದ್ದವಳಲ್ಲ. ಸಂಬಳ ಸಾಲದೆಂದು ಕಂಡರೆ ಬಿಟ್ಟು ಬೇರೆಡೆಗೆ ಹೋಗಬಲ್ಲಳು. ಕೂಲಿಯನ್ನು ಕೆಳಗೆಳೆಯುವುದು ಬಂಧ; ಅದನ್ನು ಮೇಲಕ್ಕೆತ್ತುವುದು ಸ್ವಾತಂತ್ರ್ಯ. ಆ ಕ್ಯಾಲಿಫೋರ್ನಿಯದ ನೌಕರನ ಹಿತವೂ ಈ ಪತ್ನಿಯ ಹಿತವೂ ಪರಸ್ಪರ ವಿರುದ್ಧವಲ್ಲ.

ಮೂರನೆಯ ವಾದ ಅಮೆರಿಕದ್ದಲ್ಲ, ಮನೆಯೊಳಗಿನದು. ಗಂಡ ಬೇಕಾದಷ್ಟು ಗಳಿಸುತ್ತಿರುವಾಗ ಇವಳಿಗೇಕೆ ದುಡಿಮೆ, ಗೃಹಕೃತ್ಯವೇ ಸ್ತ್ರೀಧರ್ಮವಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಮನೆಯಲ್ಲಿರಲು ಬಯಸುವವಳು ಇರಲಿ. ಅದು ಅವಳ ಆಯ್ಕೆ. ಆಯ್ಕೆಯೇ ಇಲ್ಲದೆ ಇರುವುದು ಸಂಯಮವಲ್ಲ, ಸೆರೆ. ತ್ಯಾಗಕ್ಕೆ ಮೊದಲು ತ್ಯಜಿಸಲು ಏನಾದರೂ ಕೈಯಲ್ಲಿರಬೇಕು. ಪರಂಪರೆಯ ಮಾತನ್ನು ಎತ್ತುವವರು ಆದಿಪುರಾಣವನ್ನು ನೆನೆಯಲಿ. ಕಲ್ಪವೃಕ್ಷಗಳು ಮರೆಯಾದಾಗ ವೃಷಭದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಕಲಿಸಿದನು. ದುಡಿಮೆಯೇ ಕರ್ಮಭೂಮಿಯ ಲಕ್ಷಣ. ಅಕ್ಷರವನ್ನು ಬ್ರಾಹ್ಮಿಗೂ ಅಂಕಿಯನ್ನು ಸೌಂದರಿಗೂ ಅವನೇ ಹೇಳಿಕೊಟ್ಟನು. ಹೆಣ್ಣುಮಕ್ಕಳ ಕೈಗೆ ಲಿಪಿಯನ್ನೂ ಗಣಿತವನ್ನೂ ಇತ್ತ ತೀರ್ಥಂಕರನ ಅನುಯಾಯಿಗಳು, ಲಿಪಿಗಣಿತಗಳನ್ನು ಕಲಿತ ಕೈಗಳು ಸುಮ್ಮನಿರಲೆಂದು ಹೇಳುವುದು ವಿಪರ್ಯಾಸ. ದಾನವು ಗೃಹಸ್ಥಧರ್ಮದ ನಿತ್ಯಕರ್ಮಗಳಲ್ಲೊಂದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯು ದಾನಚಿಂತಾಮಣಿಯೆನಿಸಿದ್ದು ಕೊಡುವ ಸಾಮರ್ಥ್ಯ ಅವಳಲ್ಲಿದ್ದುದರಿಂದ. ಬಸದಿಯ ಹುಂಡಿಗೆ ಹತ್ತು ಡಾಲರು ಹಾಕಲೂ ಗಂಡನ ಮುಖ ನೋಡಬೇಕಾದವಳಿಗೆ ಅತ್ತಿಮಬ್ಬೆಯ ಕಥೆ ಹೇಳಿ ಪ್ರಯೋಜನವೇನು?

ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಇಲ್ಲಿ ಬಂಧವನ್ನು ಮಾಡಿದ್ದು ಒಂದು ಪರರಾಷ್ಟ್ರ. ಮಾಡಿಸುವವರು ಕಟ್ಟುಬಿದ್ದ ನೌಕರರಿಂದ ಲಾಭ ಪಡೆಯುವವರು. ಅನುಮೋದಿಸುವವರು ಯಾರು? ಮಗಳನ್ನು ಎಂ.ಟೆಕ್. ಓದಿಸಿ, ಆ ಪದವಿಯನ್ನು ವಿವಾಹಪತ್ರಿಕೆಯಲ್ಲಿ ಅಲಂಕಾರವಾಗಿ ಮುದ್ರಿಸಿ, ಅದು ನಿರುಪಯುಕ್ತವಾಗುವ ಕಡೆಗೆ ಅವಳನ್ನು ಬೀಳ್ಕೊಟ್ಟು, ನೆರೆಯವರೆದುರು ಹೆಮ್ಮೆಪಡುವ ತಂದೆತಾಯಂದಿರು. ಸೊಸೆಗೆ ಅನುಮತಿ ಪತ್ರ ಬಂದಾಗ ಈಗೇಕೆ ಅವಸರ ಎನ್ನುವ ಅತ್ತೆಮಾವಂದಿರು. ಕೆಲಸ ಬದಲಿಸುವಾಗ, ಕಾಯಂ ವಾಸದ ಪ್ರಕ್ರಿಯೆಯನ್ನು ಮುಂದೂಡುವಾಗ ಪತ್ನಿಯ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪತಿಗಳು. ಮಾಡಿದವನ ಪಾಪವನ್ನು ಖಂಡಿಸುವುದು ಸುಲಭ; ಅನುಮೋದನೆಯ ಪಾಪವನ್ನು ಪ್ರತಿಕ್ರಮಣದಲ್ಲಿ ನೆನೆಯುವವರು ವಿರಳ.

ಆಗಬೇಕಾದುದು ಸ್ಪಷ್ಟವಾಗಿದೆ. 2015ರಲ್ಲಿ ಇಲಾಖೆ ಕೊಟ್ಟದ್ದನ್ನು ಅಮೆರಿಕದ ಸಂಸತ್ತು 2002ರ ಮಾದರಿಯಲ್ಲಿ ಶಾಸನವಾಗಿಸಬೇಕು, ಪತಿಯ ಧಣಿಯ ಷರತ್ತಿಲ್ಲದೆ. ಆ ಮಾತನ್ನು ಅಲ್ಲಿ ಎತ್ತಬೇಕಾದವರು ಅಲ್ಲಿಯ ಪೌರತ್ವ ಪಡೆದ ಜೈನರು; ಭವ್ಯ ಜಿನಾಲಯಗಳನ್ನು ಕಟ್ಟಿದವರಿಗೆ ತಮ್ಮ ಪ್ರತಿನಿಧಿಗೊಂದು ಪತ್ರ ಬರೆಯುವುದು ಭಾರವಾಗಲಾರದು. ಊರಿನಲ್ಲಿರುವ ಹಿರಿಯರ ಕೆಲಸ ಇನ್ನೂ ಹತ್ತಿರದ್ದು. ಜಾತಕ ಕೇಳುವಾಗ ವೀಸಾ ಯಾವುದೆಂದೂ ಕೇಳಲಿ. ಹುಡುಗಿ ದುಡಿಯಲು ಎಷ್ಟು ವರ್ಷ ಕಾಯಬೇಕೆಂಬುದನ್ನು ಅವಳ ಎದುರಿನಲ್ಲಿಯೇ ಕೇಳಲಿ. ಉತ್ತರ ಕೇಳಿದ ಮೇಲೆ ಅವಳು ಬೇಡವೆಂದರೆ ಅದನ್ನು ಹಟವೆನ್ನದಿರಲಿ.

1893ರಲ್ಲಿ ಷಿಕಾಗೊ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮದ ಪ್ರತಿನಿಧಿಯಾಗಿ ಮಾತನಾಡಿದ ವೀರಚಂದ್ ರಾಘವ್‌ಜಿ ಗಾಂಧಿಯವರು, ಭಾರತದ ಸ್ತ್ರೀಯರಿಗೆ ಶಿಕ್ಷಣ ದೊರೆಯಲೆಂದು ಅದೇ ಅಮೆರಿಕದಲ್ಲಿ ಬೆಂಬಲ ಒಟ್ಟುಗೂಡಿಸಲು ಶ್ರಮಿಸಿದರು. ಆ ಶಿಕ್ಷಣವನ್ನು ಪಡೆದ ಸ್ತ್ರೀಯರು ಇಂದು ಅದೇ ದೇಶದ ನಗರಗಳಲ್ಲಿ ಪದವಿಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಕುಳಿತಿದ್ದಾರೆ. ಪೆಟ್ಟಿಗೆಗೆ ಬೀಗ ಹಾಕಿದ್ದು ಪರದೇಶದ ಕಾನೂನು ಎಂಬುದು ನಿಜ. ಆ ಪೆಟ್ಟಿಗೆಯನ್ನು ಹೊತ್ತು ವಿಮಾನ ನಿಲ್ದಾಣದವರೆಗೆ ತಂದುಕೊಟ್ಟವರು ಮನೆಯವರೇ ಎಂಬುದೂ ಅಷ್ಟೇ ನಿಜ.