ಹಿಂಭಾರದ ಗಾಡಿ

ಎತ್ತಿನ ಗಾಡಿಗೆ ಹೇರು ಹೇರಿ ಬಲ್ಲವರಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳು ಚಿರಪರಿಚಿತ. ಅಚ್ಚಿನಿಂದ ಮುಂದಕ್ಕೆ ಭಾರ ಹೆಚ್ಚಾದರೆ ಎತ್ತುಗಳ ಹೆಗಲು ನಲುಗುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗವೇ ಮೇಲೇಳುತ್ತದೆ. ಹದವರಿತ ರೈತ ಅಚ್ಚಿನ ಆಸುಪಾಸಿನಲ್ಲಿಯೇ ಭಾರವನ್ನು ಕೂಡಿಸುತ್ತಾನೆ. ಈ ನ್ಯಾಯದಿಂದ ಅಳೆದರೆ, ಜಗತ್ತಿನ ಅತ್ಯಂತ ಹೆಸರಾಂತ ಕ್ರೀಡಾ ಕಾರುಗಳಲ್ಲೊಂದಾದ ಪೋರ್ಷ 911 ತಪ್ಪಾಗಿ ಹೇರಿದ ಗಾಡಿಯೇ ಸರಿ. ಅದರ ಎಂಜಿನ್ ಇರುವುದು ಹಿಂದಿನ ಅಚ್ಚಿಗಿಂತಲೂ ಹಿಂದೆ. ಫೆರಾರಿ, ಲ್ಯಾಂಬೊರ್ಗಿನಿಗಳ ಹೆಸರುವಾಸಿ ಕಾರುಗಳು ಹಲವು ಎಂಜಿನ್ನನ್ನು ಆಸನಗಳಿಗೂ ಹಿಂದಿನ ಅಚ್ಚಿಗೂ ನಡುವೆ ಇರಿಸಿಕೊಂಡಿರುವಾಗ, ಇದೊಂದು ಮಾತ್ರ ಬಾಲದಲ್ಲಿ ಭಾರ ಹೊತ್ತು ಆರು ದಶಕಗಳಿಂದ ಓಡುತ್ತಿದೆ.

ಗಚ್ಚಿಬೌಲಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಇದು ದೂರದ ವಿಷಯವಲ್ಲ. ಹೈದರಾಬಾದಿನ ಹೊರವರ್ತುಲ ರಸ್ತೆ ನಮ್ಮ ಮಗ್ಗುಲಲ್ಲೇ ಇದೆ. ಕೋಟಿ ಬೆಲೆಯ ಕಾರುಗಳ ಸದ್ದು ನಮಗೆ ಹೊಸತಲ್ಲ. ಹಿಂಬದಿ ಎಂಜಿನ್ ಎಂಬುದು ಹಳೆಯ ಹಟವೆಂದೂ, ವಿಜ್ಞಾನ ಬಲ್ಲವರು ಅದನ್ನು ಎಂದೋ ಬಿಡಬೇಕಿತ್ತೆಂದೂ ತಂತ್ರಾಂಶದ ತರುಣರು ತೀರ್ಪು ಕೊಡುವುದನ್ನು ಕೇಳಿದ್ದೇವೆ. ಆ ತೀರ್ಪನ್ನು ನಾವು ಒಪ್ಪುವುದಿಲ್ಲ.

ನಡು ಎಂಜಿನ್ನಿನ ಪಕ್ಷದಲ್ಲಿ ಬಲವಾದ ತರ್ಕವಿದೆ ಎಂಬುದು ನಿಜ. ಎರಡು ತುದಿಗೂ ಬಿಂದಿಗೆ ಕಟ್ಟಿದ ಅಡ್ಡೆಯನ್ನು ಹೊತ್ತವನು ಥಟ್ಟನೆ ತಿರುಗಲಾರ. ಅದೇ ಭಾರವನ್ನು ಎದೆಗೆ ಅವಚಿಕೊಂಡವನು ತಿರುಗಬಲ್ಲ. ಭಾರ ನಡುವಿಗೆ ಕೂಡಿದ ಕಾರೂ ಹಾಗೆಯೇ ಚುರುಕಾಗಿ ತಿರುಗುತ್ತದೆ. ಪಂದ್ಯದ ಕಣದಲ್ಲಿ ಈ ವಾದಕ್ಕೆ ಎದುರು ಹೇಳುವುದು ಕಷ್ಟ. ಆದರೆ ಕಾರಿನ ನಡುಭಾಗ ಮನುಷ್ಯರು ಕೂರುವ ಜಾಗವೂ ಹೌದು. ಎಂಜಿನ್ ಅಲ್ಲಿ ಬಂದು ಕುಳಿತರೆ ಸಾಮಾನ್ಯವಾಗಿ ಎರಡೇ ಆಸನ ಉಳಿಯುತ್ತದೆ. ಕಾವು, ಸದ್ದು ಎರಡೂ ಬೆನ್ನಿಗೇ ಅಂಟಿಕೊಂಡಿರುತ್ತವೆ.

ಪೋರ್ಷದವರಿಗೆ ಇದು ತಿಳಿಯದ್ದೇನೂ ಅಲ್ಲ. 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಪುಟ್ಟ ಊರಿನಲ್ಲಿ ಸಿದ್ಧವಾದ, ಆ ಹೆಸರು ಹೊತ್ತ ಮೊಟ್ಟಮೊದಲ ಕಾರಿನಲ್ಲಿ ಎಂಜಿನ್ ನಡುವೆಯೇ ಇತ್ತು. ಮಾರಾಟಕ್ಕೆಂದು 356 ಮಾದರಿಯನ್ನು ಕಟ್ಟುವಾಗ ಅದನ್ನು ಹಿಂದಿನ ಅಚ್ಚಿನ ಆಚೆಗೆ ಸರಿಸಿದರು. ಹಾಗೆ ಬಿಡುವಾದ ಜಾಗದಲ್ಲಿ ಇನ್ನೆರಡು ಪುಟ್ಟ ಆಸನಗಳನ್ನೋ ಸಾಮಾನನ್ನೋ ಇಡಬಹುದಾಗಿತ್ತು. ತಯಾರಿಕೆಯ ವೆಚ್ಚವೂ ತಗ್ಗುತ್ತಿತ್ತು. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ 911 ಇದೇ ವಿನ್ಯಾಸವನ್ನು ಮುಂದುವರಿಸಿತು. ಅಂದರೆ ಹಿಂಬದಿ ಎಂಜಿನ್ ಅಜ್ಞಾನದ ಫಲವಲ್ಲ, ಅರಿತು ಮಾಡಿದ ಆಯ್ಕೆ. ಚುರುಕುತನದ ಒಂದಂಶವನ್ನು ಬಿಟ್ಟುಕೊಟ್ಟು ಮಕ್ಕಳಿಬ್ಬರಿಗೆ ಜಾಗ ಪಡೆದ ವಿನ್ಯಾಸವದು.

ಇದೇ ವಿವೇಕ ನಮ್ಮ ಕಣ್ಣೆದುರಿಗೂ ಇದೆ. ರಾತ್ರಿ ಗಚ್ಚಿಬೌಲಿಯಿಂದ ಬೆಂಗಳೂರಿಗೆ ನಾವು ಹತ್ತುವ ವೋಲ್ವೋ ಬಸ್ಸು ಹಿಂಬದಿ ಎಂಜಿನ್ನಿನದೇ. ಬೆಂಗಳೂರಿನ ಮಗ್ಗುಲಿನ ಹೊಸಕೋಟೆಯಲ್ಲಿ 2001ರಿಂದ ಈ ಬಸ್ಸುಗಳು ತಯಾರಾಗುತ್ತಿವೆ. ಅದಕ್ಕೂ ಮೊದಲಿನ ಬಸ್ಸುಗಳಲ್ಲಿ ಚಾಲಕನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಕುಳಿತು, ಅದರ ಕಾವನ್ನೂ ಗದ್ದಲವನ್ನೂ ಊರು ಮುಟ್ಟುವವರೆಗೆ ಸಹಿಸಿದವರಿಗೆ ಎಂಜಿನ್ ಹಿಂದಕ್ಕೆ ಹೋದದ್ದರ ಬೆಲೆ ಗೊತ್ತು. 2008ರಲ್ಲಿ ಟಾಟಾ ಸಂಸ್ಥೆ ಅನಾವರಣಗೊಳಿಸಿದ ನ್ಯಾನೋ ಕೂಡ ತನ್ನ 624 ಸಿಸಿ ಎಂಜಿನ್ನನ್ನು ಹಿಂದೆ ಅಡಗಿಸಿಯೇ ಅಷ್ಟು ಗಿಡ್ಡ ಮೈಯಲ್ಲಿ ನಾಲ್ವರಿಗೆ ಎಡೆ ಮಾಡಿತ್ತು.

ಹಿಂಭಾರದಿಂದ ಬೇರೆ ಲಾಭಗಳೂ ಉಂಟು. ಎಳೆಯುವ ಚಕ್ರಗಳ ಮೇಲೆಯೇ ಭಾರ ಕೂತಿರುವುದರಿಂದ ನಿಂತಲ್ಲಿಂದ ನೆಗೆಯುವಾಗ ಟೈರುಗಳು ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲಿದರೂ ಹಿಂದಿನ ಚಕ್ರಗಳು ಹಗುರವಾಗಿಬಿಡದೆ ತಮ್ಮ ಪಾಲಿನ ಕೆಲಸ ಮಾಡುತ್ತವೆ. ಕುಂದು ಇರುವುದು ತಿರುವಿನಲ್ಲಿ. ವೇಗವಾಗಿ ತಿರುಗುತ್ತಿರುವಾಗ ಚಾಲಕ ಬೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು, ಹಿಡಿತ ಕಳೆದುಕೊಂಡ ಬಾಲ ಹೊರಕ್ಕೆ ಬೀಸುತ್ತದೆ. ಆರಂಭದ 911ಗಳು ಈ ವಿಷಯದಲ್ಲಿ ಕುಖ್ಯಾತವಾಗಿದ್ದವು. ತಯಾರಕರು ಎಂಜಿನ್ನನ್ನು ಕದಲಿಸಲಿಲ್ಲ; ಉಳಿದುದನ್ನು ತಿದ್ದಿದರು. 1969ರ ಮಾದರಿಯಲ್ಲಿ ಎರಡು ಅಚ್ಚುಗಳ ನಡುವಣ ಅಂತರವನ್ನು 57 ಮಿಲಿಮೀಟರ್ ಹೆಚ್ಚಿಸಿದರು. ಮುಂದೆ ಹಿಂದಿನ ಟೈರುಗಳು ಅಗಲವಾದವು, ಸಸ್ಪೆನ್ಷನ್ ಬದಲಾಯಿತು, ಜಾರುವಿಕೆಯನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು.

ಕನ್ನಡ ಓದುಗರಿಗೆ ಇದು ಬೇಗ ಅರ್ಥವಾಗಬೇಕು. ಆರೂ ಸಾಲಿಗೆ ಆದಿಪ್ರಾಸ ಹೊಂದಿಸಬೇಕೆಂಬ ಕಟ್ಟನ್ನು ಒಪ್ಪಿಕೊಂಡೇ ಕುಮಾರವ್ಯಾಸನ ಷಟ್ಪದಿ ನಾಗಾಲೋಟದಲ್ಲಿ ಓಡಿತು. ಆ ಕಟ್ಟು ತೊಡಕೆನಿಸಿದಾಗ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕೈಬಿಟ್ಟರು. ಎರಡೂ ಸರಿಯೇ. ಪೋರ್ಷದವರೂ 1996ರಲ್ಲಿ ಎರಡೇ ಆಸನದ ಬಾಕ್ಸ್‌ಸ್ಟರ್ ತಂದಾಗ ಎಂಜಿನ್ನನ್ನು ನಡುವೆ ಇಟ್ಟರು. 2016ರಲ್ಲಿ ಪಂದ್ಯಕ್ಕೆಂದೇ ಕಟ್ಟಿದ 911 ಆರ್‌ಎಸ್‌ಆರ್ ಕಾರಿನಲ್ಲಿ ಅದನ್ನು ಅಚ್ಚಿನ ಮುಂದಕ್ಕೆ ತಂದರು. ಗೆಲುವೊಂದೇ ಗುರಿಯಾದಲ್ಲಿ ನಡು ಎಂಜಿನ್, ದಿನನಿತ್ಯದ ಬಾಳುವೆಗೆ ಹಿಂಬದಿ ಎಂಜಿನ್. ಇದರಲ್ಲಿ ಹಳೆಯ ರೂಪದ ಮೇಲಿನ ಗಿರಾಕಿಗಳ ಮೋಹವೂ ಬೆರೆತಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 1977ರಲ್ಲಿ ಬಂದ ಮುಂಬದಿ ಎಂಜಿನ್ನಿನ 928 ಕಾರು 911ರ ಜಾಗಕ್ಕೆ ಬರಬೇಕಾಗಿತ್ತು. 1995ರಲ್ಲಿ ನಿಂತುಹೋದದ್ದು ಅದೇ.

ನಮ್ಮನ್ನು ಚಿಂತೆಗೀಡು ಮಾಡುವುದು ಬೇರೊಂದು ಸಂಗತಿ. ಹಳೆಯ 911 ತನ್ನನ್ನು ನಡೆಸುವವರಿಗೆ ಒಂದು ಪಾಠವನ್ನು ಕಡ್ಡಾಯವಾಗಿ ಕಲಿಸುತ್ತಿತ್ತು: ವೇಗ ಇಳಿಸುವುದಾದರೆ ತಿರುವಿಗೆ ಮುನ್ನವೇ ಇಳಿಸಬೇಕು, ತಿರುವಿನೊಳಗೆ ಹೊಕ್ಕ ಮೇಲಲ್ಲ. ಇಂದಿನ ಕಾರುಗಳು ತಮ್ಮ ಕುಂದನ್ನಷ್ಟೇ ಅಲ್ಲ, ಚಾಲಕನ ಕುಂದನ್ನೂ ಮರೆಮಾಚುತ್ತವೆ. ಆದ್ದರಿಂದ ಆ ಪಾಠ ಯಾರಿಗೂ ಬೇಕಿಲ್ಲದಂತಾಗಿದೆ. 2019ರ ನವೆಂಬರಿನಲ್ಲಿ, ಇಲ್ಲಿನ ಬಯೋಡೈವರ್ಸಿಟಿ ಮೇಲ್ಸೇತುವೆ ಉದ್ಘಾಟನೆಯಾಗಿ ತಿಂಗಳು ತುಂಬುವ ಮೊದಲೇ, ಅತಿವೇಗದ ಕಾರೊಂದು ಅದರ ತಿರುವಿನಲ್ಲಿ ತಡೆಗೋಡೆ ದಾಟಿ ಕೆಳಗೆ ಬಿತ್ತು. ಸತ್ತವರು ಕಾರಿನಲ್ಲಿದ್ದವರಲ್ಲ, ಕೆಳಗಿನ ರಸ್ತೆಯಲ್ಲಿದ್ದ ಮಹಿಳೆ. ಅದು ಕ್ರೀಡಾ ಕಾರೇನೂ ಆಗಿರಲಿಲ್ಲ, ಮುಂಬದಿ ಎಂಜಿನ್ನಿನ ಸಾಧಾರಣ ಕಾರು. ಎಂಜಿನ್ ಎಲ್ಲಿಯೇ ಇರಲಿ, ತಿರುವಿನ ನಿಯಮ ಒಂದೇ.

ಹಿಂಬದಿ ಎಂಜಿನ್ನನ್ನು ಕಾಗದದ ಲೆಕ್ಕದಿಂದ ಅಲ್ಲಗಳೆಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ದೋಷವಿಲ್ಲದ ವಿನ್ಯಾಸ ಎಲ್ಲಿಯೂ ಇಲ್ಲ. ಯಾವ ದೋಷವನ್ನು ಯಾರ ಅನುಕೂಲಕ್ಕಾಗಿ ಹೊತ್ತೆವು, ಅದನ್ನು ತಿದ್ದಲು ಎಷ್ಟು ಶ್ರಮಪಟ್ಟೆವು ಎಂಬುದಷ್ಟೇ ಕೇಳತಕ್ಕ ಪ್ರಶ್ನೆ. ಹಿಂದಿನ ಆಸನದ ಇಬ್ಬರು ಮಕ್ಕಳಿಗಾಗಿ ಆ ಭಾರವನ್ನು ಹೊತ್ತವರು ಸರಿಯಾದುದನ್ನೇ ಮಾಡಿದ್ದಾರೆಂದು ನಮ್ಮ ಅಭಿಪ್ರಾಯ.