ತವರಿಗೆ ಬಾರದ ತಂಡ



2025ರ ದಸರೆಯ ರಜೆಯಲ್ಲಿ ನಾವು ತಲಕಾಡಿಗೆ ಹೋಗಿದ್ದೆವು. ವೈದ್ಯೇಶ್ವರನ ದರ್ಶನ ಮುಗಿಸಿ ಕಾವೇರಿಯ ದಂಡೆಗೆ ಇಳಿದಾಗ, ಮರಳಿನ ಮೇಲೆ ಕಾಲಿನಿಂದಲೇ ಗೆರೆ ಎಳೆದುಕೊಂಡು ಹತ್ತಾರು ಹುಡುಗರು ಕಬಡ್ಡಿ ಆಡುತ್ತಿದ್ದರು. ಅವರಲ್ಲೊಬ್ಬನು ಬೆಂಗಳೂರು ಬುಲ್ಸ್ ತಂಡದ ಹೆಸರಿದ್ದ ಅಂಗಿ ತೊಟ್ಟಿದ್ದನು. ‘ನಿನ್ನ ತಂಡದ ಆಟ ನೋಡಲು ಬೆಂಗಳೂರಿಗೆ ಹೋಗಿದ್ದೆಯೇನಪ್ಪ?’ ಎಂದು ವಿಚಾರಿಸಿದೆವು. ‘ಎಲ್ಲಿ ಸಾ, ಈ ಸಲವೂ ಅವ್ರು ಬೆಂಗ್ಳೂರಲ್ಲಿ ಆಡ್ತಿಲ್ವಲ್ಲ. ಟೀವೀಲೇ ನೋಡ್ಬೇಕು. ಬೆಂಗ್ಳೂರ್ ಟೀಮು ಅಂದ್ಮೇಲೆ ಬೆಂಗ್ಳೂರಲ್ಲಿ ಯಾಕ್ ಆಡಲ್ಲ ಸಾ?’ ಎಂದು ಅವನು ನಮ್ಮನ್ನೇ ಕೇಳಿದನು. ಆ ಕ್ಷಣಕ್ಕೆ ನಮಗೆ ಉತ್ತರ ತೋಚಲಿಲ್ಲ. ಆ ಬಾಲಕನ ಪ್ರಶ್ನೆಯನ್ನೇ ಈ ತಿಂಗಳ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಪ್ರೊ ಕಬಡ್ಡಿ ಲೀಗ್ ಆರಂಭವಾದುದು 2014ರಲ್ಲಿ. ಅಂದಿನಿಂದಲೂ ಬೆಂಗಳೂರು ಬುಲ್ಸ್ ಅದರಲ್ಲಿ ಇದೆ. ನಗರದ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣವೇ ಅದರ ಮನೆಯಂಗಳವಾಗಿತ್ತು. ಆದರೆ 2017ರಲ್ಲಿ ಆ ಕ್ರೀಡಾಂಗಣ ದೊರೆಯದ ಕಾರಣ ನಮ್ಮ ತಂಡದ ತವರಿನ ಪಂದ್ಯಗಳು ನಾಗಪುರಕ್ಕೆ ಹೋದವು. 2018ರಲ್ಲಿ ಪುಣೆಗೆ ಹೋದವು. ವಿಧಿಯ ವಿನೋದವೆಂಬಂತೆ, ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡದ ಆ ಸಾಲಿನಲ್ಲಿಯೇ ತಂಡವು ತನ್ನ ಮೊದಲ ಪ್ರಶಸ್ತಿಯನ್ನು ಗೆದ್ದಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಗೆಲುವಿನ ಸಂಭ್ರಮ ಕಣ್ಣೆದುರಿಗೇ ಕಾಣುವ ಭಾಗ್ಯ ಮಾತ್ರ ಊರಿನವರಿಗೆ ಇರಲಿಲ್ಲ.

2019ರಲ್ಲಿ ತಂಡವು ಕಂಠೀರವಕ್ಕೆ ಮರಳಿತು. ಮುಂದೆ ಮಹಾಮಾರಿಯ ಕಾಲದಲ್ಲಿ, 2021ರ ಡಿಸೆಂಬರಿನಿಂದ ಇಡೀ ಪಂದ್ಯಾವಳಿಯೇ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ನಡೆಯಿತಾದರೂ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮನೆಯ ಬಾಗಿಲಿಗೆ ಬಂದ ಮಗಳನ್ನು ಕಿಟಕಿಯಿಂದ ನೋಡಿದಂತಾಯಿತು. 2022 ಮತ್ತು 2023ರಲ್ಲಿ ಕಂಠೀರವ ಮತ್ತೆ ತುಂಬಿತು. ಅನಂತರ ಪಂದ್ಯಾವಳಿಯ ಪದ್ಧತಿಯೇ ಬದಲಾಯಿತು. ಪ್ರತಿ ತಂಡದ ಊರಿಗೂ ಹೋಗುವ ಕ್ರಮವನ್ನು ಕೈಬಿಟ್ಟು, 2024ರಲ್ಲಿ ಹೈದರಾಬಾದ್, ನೋಯ್ಡಾ, ಪುಣೆ ಎಂಬ ಮೂರೇ ನಗರಗಳಲ್ಲಿ, 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ ಎಂಬ ನಾಲ್ಕು ನಗರಗಳಲ್ಲಿ ಆಟ ನಡೆಯಿತು. ಬೆಂಗಳೂರಿಗೆ ಎರಡು ಬಾರಿಯೂ ಸ್ಥಾನವಿರಲಿಲ್ಲ. ನ್ಯಾಯವಾಗಿ ಹೇಳುವುದಾದರೆ, 2025ರಲ್ಲಿ ಪಟ್ನಾ, ಮುಂಬಯಿಗಳ ತಂಡಗಳಿಗೂ ಇದೇ ಗತಿಯಾಯಿತು.

ನಮ್ಮ ಪತ್ರಿಕೆಗಳು ಇಂತಹ ಪಂದ್ಯಗಳಿಗೆ ‘ತವರಿನ ಪಂದ್ಯ’ ಎಂಬ ಸೊಗಸಾದ ಹೆಸರನ್ನು ಕೊಟ್ಟಿವೆ. ತವರೆಂದರೇನೆಂಬುದನ್ನು ನಮ್ಮ ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಹೆಣ್ಣುಮಗಳು ಎಲ್ಲಿಯೇ ಬಾಳಲಿ, ಹೇಗೆಯೇ ಬಾಳಲಿ, ವರ್ಷಕ್ಕೊಮ್ಮೆ ಬಂದು ಹೋದರೆ, ಮಡಿಲು ತುಂಬಿ ಕಳುಹಿಸಿದರೆ, ಎರಡೂ ಕಡೆ ಮನಸ್ಸು ತಂಪಾಗಿರುತ್ತದೆ. ಬರುವುದು ನಿಂತರೆ ಹೆಸರಿನಲ್ಲಿ ಮಾತ್ರ ತವರು ಉಳಿಯುತ್ತದೆ. ತಂಡಕ್ಕೆ ನಷ್ಟವಾಗದಿರಬಹುದು, ಅದು ಹೊರಗೂ ಗೆಲ್ಲಬಲ್ಲದು ಎಂಬುದನ್ನು 2019ರ ಜನವರಿಯೇ ತೋರಿಸಿತು. ನಷ್ಟವಾಗುವುದು ಊರಿಗೆ, ಅದರಲ್ಲಿಯೂ, ಎಂದಾದರೂ ಒಂದು ದಿನ ಬಸ್ಸು ಹತ್ತಿ ಹೋಗಿ ಆ ಆಟಗಾರರನ್ನು ಕಣ್ಣಾರೆ ಕಾಣಬೇಕೆಂದಿರುವ ಹಳ್ಳಿಯ ಮಕ್ಕಳಿಗೆ.

ಈ ಸಂಕಟ ನಮ್ಮದೊಂದೇ ಅಲ್ಲ. ಅಮೆರಿಕದ ಸಿಯಾಟಲ್ ನಗರದ ಬಾಸ್ಕೆಟ್‌ಬಾಲ್ ತಂಡ ಸೂಪರ್‌ಸಾನಿಕ್ಸ್, 41 ವರ್ಷ ಅಲ್ಲಿ ಆಡಿ, 2008ರಲ್ಲಿ ಒಕ್ಲಹೋಮ ನಗರಕ್ಕೆ ವಲಸೆ ಹೋಯಿತು. ಹೊಸ ಕ್ರೀಡಾಂಗಣದ ವಿಷಯದಲ್ಲಿ ಒಡೆಯರಿಗೂ ನಗರಕ್ಕೂ ಹೊಂದಾಣಿಕೆಯಾಗಿರಲಿಲ್ಲ. ಅಭಿಮಾನಿಗಳು ಕಣ್ಣೀರಿಟ್ಟರು, ಮೆರವಣಿಗೆ ಮಾಡಿದರು, ಫಲಿಸಲಿಲ್ಲ. ತಂಡದ ಹೆಸರು ಮತ್ತು ಬಣ್ಣಗಳು ಮಾತ್ರ ಸಿಯಾಟಲ್‌ನಲ್ಲಿ ಉಳಿದವು. ಐದು ವರ್ಷಗಳ ಬಳಿಕ ಸ್ಯಾಕ್ರಮೆಂಟೊ ನಗರದ ಕಿಂಗ್ಸ್ ತಂಡವನ್ನು ಅದೇ ಸಿಯಾಟಲ್‌ಗೆ ಒಯ್ಯುವ ಪ್ರಯತ್ನ ನಡೆಯಿತು. ಅಲ್ಲಿಯ ಜನ ಕೂಗಿ ಸುಮ್ಮನಾಗಲಿಲ್ಲ. ಊರಿನಲ್ಲಿಯೇ ಉಳಿಸುವ ಖರೀದಿದಾರರು ಮುಂದೆ ಬಂದರು. ನಗರಾಡಳಿತವು ಹೊಸ ಕ್ರೀಡಾಂಗಣಕ್ಕೆ 25 ಕೋಟಿ ಡಾಲರಿಗೂ ಮಿಕ್ಕಿ ಹಣ ಕೊಡಲೊಪ್ಪಿತು. 2013ರ ಮೇ ತಿಂಗಳಲ್ಲಿ ತಂಡಗಳ ಒಡೆಯರು 22–8 ಮತಗಳಿಂದ ವಲಸೆಯನ್ನು ನಿರಾಕರಿಸಿದರು. ಅಷ್ಟು ಸಾರ್ವಜನಿಕ ಹಣವನ್ನು ಆಟಕ್ಕೆ ಸುರಿಯುವುದು ಸರಿಯೇ ಎಂಬ ವಾದ ಅಲ್ಲಿಯೂ ಇತ್ತು, ಇರಬೇಕಾದುದೇ. ಆದರೆ ಪ್ರೀತಿಯೊಂದೇ ತಂಡವನ್ನು ಹಿಡಿದು ನಿಲ್ಲಿಸದು, ಪ್ರೀತಿಗೊಂದು ಚಾವಣಿ ಬೇಕು ಎಂಬ ಪಾಠ ಈ ಎರಡು ನಗರಗಳ ಕಥೆಯಲ್ಲಿದೆ.

ಪ್ರೀತಿಗೆ ಶಿಸ್ತೂ ಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, ಕ್ರಿಕೆಟ್ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದುದನ್ನು ಮರೆಯುವುದೆಂತು? ಆ ಬಳಿಕ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬಯಿಗೆ ಹೋದವು. ಆಟವನ್ನು ಕರೆಯುವ ಊರು, ಆಟ ನೋಡಲು ಬಂದವರನ್ನು ಸುರಕ್ಷಿತವಾಗಿ ಮನೆಗೆ ಕಳುಹಿಸುವ ಹೊಣೆಯನ್ನೂ ಹೊರಬೇಕಷ್ಟೆ.

ಹಾಗಾದರೆ ದೂರದ ತಲಕಾಡಿನ ಬಾಲಕನಿಗೆ ನಾವು ಹೇಳುವುದೇನು? ಅವನು ನಿಂತಿದ್ದ ನೆಲವೇ ಒಂದು ಉತ್ತರವನ್ನು ಕೊಡುತ್ತದೆ. ಗಂಗರು ಕೋಲಾರದಿಂದ ತಮ್ಮ ರಾಜಧಾನಿಯನ್ನು ತಂದುದು ಇದೇ ತಲಕಾಡಿಗೆ. ಆಮೇಲೆ ಚೋಳರು ಬಂದರು, ಹೊಯ್ಸಳ ವಿಷ್ಣುವರ್ಧನ ಬಂದನು, ರಾಜ್ಯಗಳು ಹೋದವು. ಮರಳು ಬಂದು ಗುಡಿಗಳನ್ನು ಮುಚ್ಚಿತು. ಊರೇ ಸರಿದು ನಿಂತಿತು. ಪಂಚಲಿಂಗ ದರ್ಶನವೂ ವರ್ಷವರ್ಷ ಬರುವುದಲ್ಲ. 2013ರಲ್ಲಿ ಬಂದುದು ಮತ್ತೆ ಬಂದುದು 2020ರಲ್ಲಿ. ಆದರೂ ಸಂಬಂಧ ಕಡಿಯಲಿಲ್ಲ. ಏಕೆಂದರೆ ನಡುವಿನ ವರ್ಷಗಳಲ್ಲಿ ಜನ ಮರಳನ್ನು ತೆಗೆಯುತ್ತಲೇ ಇದ್ದರು, ದೀಪ ಹಚ್ಚುತ್ತಲೇ ಇದ್ದರು.

ಕಬಡ್ಡಿಗೂ ಈ ಮಾತು ಸಲ್ಲುತ್ತದೆ. ತಂಡವು ಒಡೆಯರ ಸೊತ್ತು. ಅಭಿಮಾನಿಗೆ ಅದರ ಮೇಲೆ ಕಾಗದದ ಹಕ್ಕಿಲ್ಲ. ಆದರೆ ಊರಿನ ಹೆಸರನ್ನು ಹೊತ್ತವರು ವರ್ಷಕ್ಕೆ ಒಂದು ವಾರವಾದರೂ ಊರಿನಲ್ಲಿ ಆಡಬೇಕೆಂದು ಕೇಳುವ ಸಲಿಗೆ ಅವನಿಗೆ ಇದ್ದೇ ಇದೆ. ಕ್ರೀಡಾಂಗಣವನ್ನು ಸಕಾಲದಲ್ಲಿ ಒದಗಿಸಬೇಕೆಂದು ಸರ್ಕಾರವನ್ನೂ, ಬೆಂಗಳೂರಿಗೆ ಸ್ಥಾನ ಕೊಡಬೇಕೆಂದು ಪಂದ್ಯಾವಳಿಯವರನ್ನೂ ಕೇಳೋಣ. ಕೇಳುವ ಬಾಯಿಗೆ ಬಲ ಬರುವುದು ಮನೆಯ ಅಂಗಳದಿಂದ. ಸುತ್ತೂರು ಜಾತ್ರೆಯ ಕುಸ್ತಿಯ ಅಖಾಡಕ್ಕೆ ಜನ ಇಂದಿಗೂ ಮುಗಿಬೀಳುತ್ತಾರೆ. ದಸರಾ ಕ್ರೀಡಾಕೂಟದ ತಾಲ್ಲೂಕು ಮಟ್ಟದ ಕಬಡ್ಡಿಗೂ ನಾವು ಹೀಗೆಯೇ ಹೋಗಿ ಕುಳಿತಿದ್ದೇವೆಯೇ? ಶಾಲೆಯ ಮೈದಾನದಲ್ಲಿ ಆಡುವ ಮಗನನ್ನು, ಮಗಳನ್ನು ‘ಓದು ಹಾಳಾಗುತ್ತದೆ’ ಎಂದು ಎಳೆದು ತಂದ ಮನೆಗಳೆಷ್ಟು?

ದೊಡ್ಡ ತಂಡ ತವರಿಗೆ ಬರುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಆದರೆ ಅದು ಬಂದ ದಿನ ತವರು ತವರಾಗಿ ಇರುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅಲ್ಲಿಯವರೆಗೆ ತಲಕಾಡಿನ ಆ ಹುಡುಗರ ಗೆರೆ ಮರಳಿನಲ್ಲಿ ಅಳಿಯದಿರಲಿ. ಅಳಿದರೆ ಮತ್ತೆ ಎಳೆದುಕೊಳ್ಳಲು ಹಿರಿಯರಾದ ನಾವು ಜೊತೆಗಿರೋಣ.