ನೌಕರಿಯೂ ಇರಲಿ, ಆಟವೂ ಇರಲಿ

‘ಆಟ ಹೊಟ್ಟಿ ತುಂಬಸ್ತೈತೇನು?’ ಅಪ್ಪನ ಈ ಮಾತಿಗೇ ಪಿಯುಸಿಯಲ್ಲಿ ನಾನು ಫುಟ್‌ಬಾಲ್ ಬಿಟ್ಟೆ. ಗದಗ-ಬೆಟಗೇರಿಯ ಎಷ್ಟೋ ಮನೆಗಳಲ್ಲಿ ಕೇಳುವ ಮಾತಿದು. ಈಗ ಬಿಇ ಓದುತ್ತಿರುವ ನನಗೆ ಬೆಂಗಳೂರಿನ ಎಚ್‌ಎಎಲ್ ತಂಡದ ಕಥೆ ತಿಳಿದಾಗ, ಅಪ್ಪನಿಗೆ ಉತ್ತರ ಸಿಕ್ಕಂತಾಯಿತು.

ವಿಮಾನ ಕಾರ್ಖಾನೆ ಆಟಗಾರರಿಗೆ ನೌಕರಿ ಕೊಟ್ಟು ಆಡಿಸಿತು. ಐಟಿಐ ಕೂಡ ಹಾಗೆಯೇ. ಎಚ್‌ಎಎಲ್ ತಂಡ ಐ-ಲೀಗ್‌ವರೆಗೂ ಏರಿ, 2011–12ರಲ್ಲಿ ಕೆಳಗಿಳಿಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಆ ಲೀಗ್ ಗೆದ್ದಿತು. ಹೆಮ್ಮೆಯೇ. ಆದರೆ ವೃತ್ತಿಪರ ಕ್ಲಬ್‌ನಲ್ಲಿ ಜಾಗ ಬೆರಳೆಣಿಕೆಯವರಿಗೆ ಮಾತ್ರ. ಮೊಣಕಾಲಿಗೆ ಪೆಟ್ಟಾದರೆ ಅವರಿಗೂ ಮುಂದಿನ ದಾರಿ ಕಷ್ಟ.

ಮುಂಡರಗಿ, ಶಿರಹಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ ಕಂಪನಿಗಳು ನಮ್ಮ ಹುಡುಗರಿಗಾಗಿ ಒಂದು ತಂಡ ಕಟ್ಟಬಾರದೇಕೆ? ಕ್ಯಾಂಪಸ್ ಸಂದರ್ಶನದಲ್ಲಿ ಅಂಕಪಟ್ಟಿಯ ಜೊತೆ ಆಟದ ಪ್ರಮಾಣಪತ್ರವನ್ನೂ ನೋಡಲಿ. ಆಗ ನನ್ನ ತಮ್ಮನಾದರೂ ಆಟ ಬಿಡಬೇಕಿಲ್ಲ.